ಗಾದಿಯೊಳಗೆ ತೋಳು

ಕಜ್ಜಿ ಬಂದಿದ್ದರೆ ಬಂದಿದೆ ಅನ್ನುತ್ತಿದ್ದೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಮೈ ಇದ್ದವರಿಗೆಲ್ಲ ಬರುತ್ತದೆ. ಆದರೆ ಬಾರದ ಕಜ್ಜಿಯನ್ನು ಬಂದಿದೆ ಎಂದು ಒಪ್ಪಿಕೊಳ್ಳಿ, ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿ, ಹೇಳಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ ಅಂದರಲ್ಲ, ಆ ಸಿಟ್ಟಿಗೆ ಇದನ್ನು ಬರೆಯುತ್ತಿದ್ದೇನೆ. ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಮನಸ್ಸೂ ಇಲ್ಲ.

ನಾನು ಆಲಿಯಾ. ತವರು ದಾವಣಗೆರೆ, ಕೊಟ್ಟದ್ದು ಹರಿಹರಕ್ಕೆ. ನಮ್ಮದು ಪಿಂಜಾರರ ಮನೆ. ಹತ್ತಿ ಎಕ್ಕಿ, ಅಂದರೆ ಬಿಡಿಬಿಡಿಯಾಗಿ ಹಿಂಜಿ, ಗಾದಿ ಹೊಲಿಯುವುದು ಕಸುಬು. ಮಾವ ಖಾಜಾ ಹುಸೇನ್ ಹರೆಯದಲ್ಲಿ ಎಕ್ಕುವ ಬಿಲ್ಲನ್ನು ಹೆಗಲಿಗೇರಿಸಿ ಭಾನುವಳ್ಳಿ, ಗುತ್ತೂರು ಅಂತ ಊರೂರು ತಿರುಗಿದವರು. ಜನರ ಅಂಗಳದಲ್ಲೇ ಕೂತು ಹಳೆಯ ಗಾದಿ ಬಿಚ್ಚಿ, ಹತ್ತಿ ಎಕ್ಕಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಈಗ ಬಿಲ್ಲು ಹೋಗಿ ಮಷಿನ್ ಬಂದಿದೆ. ಜನ ಸ್ಪಂಜಿನ ಗಾದಿ ಕೊಂಡು ಮಲಗುತ್ತಾರೆ. ನನ್ನ ಗಂಡ ಇಮ್ರಾನ್ ಈ ಕಸುಬಿನ ಸಹವಾಸವೇ ಬೇಡ ಎಂದು ವೆಲ್ಡಿಂಗ್ ಅಂಗಡಿ ಸೇರಿಕೊಂಡ. ಗಾದಿ ಕೆಲಸಕ್ಕೆ ಉಳಿದವರು ಮಾವ, ಅತ್ತೆ ಖತೀಜಾಬೀ, ಮತ್ತು ನಾನು. ನನ್ನ ಮಗಳು ಸಬಾ ಅಂಗನವಾಡಿಗೆ ಹೋಗುತ್ತಾಳೆ.

ಗಾದಿ ಹೊಲಿಯುವುದನ್ನು ನೋಡದವರಿಗೆ ಅದನ್ನು ಹೇಳಲೇಬೇಕು. ಬಟ್ಟೆಯ ಮೂರು ಕಡೆ ಹೊಲಿದು ದೊಡ್ಡ ಚೀಲ ಮಾಡುತ್ತೇವೆ. ತೆರೆದ ಬಾಯಿಂದ ಹತ್ತಿ ತುಂಬುತ್ತೇವೆ. ಆಮೇಲೆ ಹೆಗಲಿನವರೆಗೂ ತೋಳು ಒಳಗೆ ತೂರಿಸಿ ಮೂಲೆಮೂಲೆಗೆ ಹತ್ತಿ ದೂಡಬೇಕು, ಗಂಟು ಬಿಡಿಸಬೇಕು, ಏರುಪೇರು ಸರಿಮಾಡಬೇಕು. ತೋಳು ಬರಿದಾಗಿರಬೇಕು. ತೋಳಿನ ಮೇಲೆ ಬಟ್ಟೆ ಇದ್ದರೆ ಹತ್ತಿ ಅದಕ್ಕೇ ಅಂಟಿಕೊಂಡು ಬರುತ್ತದೆ. ಬಳೆ ತೆಗೆದಿಡಬೇಕು. ಕೆನ್ನೆಯನ್ನು ಗಾದಿಗೆ ಒತ್ತಿ, ಕಣ್ಣು ಮುಚ್ಚಿ, ಬೆರಳಿನಲ್ಲೇ ಮೂಲೆ ಹುಡುಕಬೇಕು. ಕಡೆಗೆ ಬಾಯಿ ಹೊಲಿದು, ಕೋಲಿನಿಂದ ಬಡಿದು, ದಬ್ಬಣದಲ್ಲಿ ಅಲ್ಲಲ್ಲಿ ದಾರ ಹಾಕಿ ಬಿಗಿಯುತ್ತೇವೆ. ಮುಗಿದ ಮೇಲೆ ಆ ಗಾದಿಯ ಮೇಲೆ ನಾವು ಮಲಗುವುದಿರಲಿ, ಕೂರುವುದೂ ಇಲ್ಲ. ಸಬಾ ಒಮ್ಮೆ ಮೇಲೇರಿ ಕುಣಿದದ್ದಕ್ಕೆ ಅತ್ತೆ ಅವಳ ಬೆನ್ನಿಗೆ ಒಂದು ಬಿಟ್ಟಿದ್ದರು. "ಇನ್ನೊಬ್ರು ಮಲಗೋ ಹಾಸಿಗೆ ಅದು, ಇಳೀ" ಎಂದು ಬೈದಿದ್ದರು. ನಮ್ಮ ಮನೆಯಲ್ಲಿ ಅದು ಮೊದಲಿನಿಂದಲೂ ಹಾಗೆಯೇ.

ಈ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ಕಂಟ್ರಾಕ್ಟರ್ ಮಲ್ಲೇಶಪ್ಪ ಮನೆಗೆ ಬಂದ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಹುಡುಗಿಯರ ಹಾಸ್ಟೆಲ್ ಇದೆ, ಅದಕ್ಕೆ ಗಾದಿ ಒದಗಿಸಲು ಒಪ್ಪಿಕೊಂಡಿದ್ದ. ಹತ್ತಿ ಅವನದು, ಬಟ್ಟೆ ಅವನದು, ಕೈ ಮಾತ್ರ ನಮ್ಮದು. ಬಹಳ ದಿನದ ಮೇಲೆ ದೊಡ್ಡ ಕೆಲಸ ಸಿಕ್ಕಿತೆಂದು ಮಾವ ಹಿಗ್ಗಿದರು. ಟೆಂಪೋದಲ್ಲಿ ಮೂಟೆಗಳು ಬಂದವು. ಮಾವ ಒಂದು ಮೂಟೆ ಬಿಚ್ಚಿ ಕೈ ಹಾಕಿದರು. ಹತ್ತಿಯ ನಡುವೆ ಬೆಳ್ಳಗೆ, ನವಿರಾಗಿ, ಹೊಳೆಯುವ ಎಳೆ ಬೆರೆತಿತ್ತು.

"ಹೊಸಾ ಫೈಬರ್ ಸಾಬ್ರೆ. ಮಿಕ್ಸ್ ಮಾಡೇ ತರ್ಸೀನಿ" ಅಂದ ಮಲ್ಲೇಶಪ್ಪ.

ಮಾವ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ಬಿಟ್ಟರು. ಅದು ತಟ್ಟನೆ ಉಬ್ಬಿ ನಿಂತಿತು. "ಎಂಥಾ ಉಬ್ಬು ನೋಡೇ ಖತೀಜಾ! ಇದನ್ನ ಎಕ್ಕೋದೇ ಬ್ಯಾಡ" ಎಂದು ಅತ್ತೆಯನ್ನು ಕರೆದು ತೋರಿಸಿದರು. ಪಿಂಜಾರರ ಕೈಗೆ ಗೊತ್ತಿರುವ ಪರೀಕ್ಷೆ ಅದೊಂದೇ. ಹಿಡಿದು ಬಿಟ್ಟರೆ ಉಬ್ಬಬೇಕು. ಉಬ್ಬಿತು, ನಾವು ನಂಬಿದೆವು. ಹತ್ತಿಯ ಗಂಧಗಾಳಿ ಇಲ್ಲದವರಾಗಿದ್ದರೆ ಇದೇನಪ್ಪಾ ಇದು ಎಂದು ಎರಡು ಸಲ ಕೇಳುತ್ತಿದ್ದರೋ ಏನೋ. ನಮಗೆ ಹತ್ತಿ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ತುಂಬಲು ಕೂತ ದಿನ ಸಂಜೆಯೇ ನವೆ ಶುರುವಾಯಿತು. ಮೊದಲು ಮೊಣಕೈಯ ಮಡಿಕೆಯಲ್ಲಿ. ಆಮೇಲೆ ಮಣಿಕಟ್ಟಿನಲ್ಲಿ, ತೋಳಿನ ಒಳಮೈಯಲ್ಲಿ, ಕಂಕುಳಿನ ತನಕ. ಗಾದಿಗೆ ಕೆನ್ನೆ ಒತ್ತುವ ಕಡೆ ಕತ್ತಿನಲ್ಲೂ. ನೋಡಿದರೆ ಏನೂ ಇಲ್ಲ, ಸಣ್ಣ ಸಣ್ಣ ಕೆಂಪು ಚುಕ್ಕಿ ಅಷ್ಟೇ. ಕೆರೆದರೆ ಒಳಗಿನಿಂದ ಚುಚ್ಚುತ್ತದೆ. ಕೆರೆಯದಿದ್ದರೆ ಹುಚ್ಚು ಹಿಡಿಯುತ್ತದೆ. ರೊಟ್ಟಿ ತಟ್ಟುತ್ತಾ ಹಿಟ್ಟಿನ ಕೈಯಲ್ಲೇ ಕೆರೆದುಕೊಳ್ಳುತ್ತಿದ್ದೆ. ಅತ್ತೆ ಬಾಗಿಲ ಚೌಕಟ್ಟಿಗೆ ತೋಳು ಕೊಟ್ಟು ಎಮ್ಮೆ ಕಂಬಕ್ಕೆ ಮೈ ಉಜ್ಜಿದ ಹಾಗೆ ಉಜ್ಜುತ್ತಿದ್ದರು. ಉಜ್ಜುತ್ತಾ ಅಳುತ್ತಿದ್ದರು. ಆ ಹೆಂಗಸು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಮಗೆ ತಿಳಿದ ಔಷಧವನ್ನೆಲ್ಲ ಮಾಡಿದೆವು. ಬೇವಿನ ಸೊಪ್ಪು ಕುದಿಸಿ, ತಡೆಯುವಷ್ಟು ಬಿಸಿ ನೀರಿನಲ್ಲಿ, ತೆಂಗಿನ ನಾರು ಹಿಡಿದು ತಿಕ್ಕಿ ತಿಕ್ಕಿ ತೊಳೆದೆವು. ಇನ್ನೂ ಹೆಚ್ಚಾಯಿತು. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದೆವು. ಉರಿ ಹತ್ತಿತೇ ಹೊರತು ನವೆ ನಿಲ್ಲಲಿಲ್ಲ. ಬಟ್ಟೆಗಳನ್ನು ಎಲ್ಲರದೂ ಒಂದೇ ಬಕೆಟ್ಟಿನಲ್ಲಿ ನೆನೆಸಿ ಒಗೆಯುತ್ತಿದ್ದೆ. ನೋಡನೋಡುತ್ತ ಮೂಟೆಯ ಹತ್ತಿರವೂ ಸುಳಿಯದ ಸಬಾಳ ಮೈಯಲ್ಲೂ ಚುಕ್ಕಿ ಎದ್ದವು. ಇಮ್ರಾನನೂ ಕೆರೆಯತೊಡಗಿದ. ಆಗ ನನಗೂ ಇದು ಅಂಟುರೋಗವೇ ಇರಬೇಕು ಅನ್ನಿಸಿತು.

ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಅತ್ತೆ ತೋಳು ಚಾಚಿದರೆ ಮೇಜಿನ ಆ ಕಡೆಯಿಂದಲೇ ನೋಡಿದರು.

"ಮನೇಲಿ ಎಲ್ರಿಗೂ ಇದೆಯಾ?"

"ಐತ್ರಿ."

"ಒಂದೇ ರೂಮಲ್ಲಿ ಎಷ್ಟು ಜನ ಮಲಗ್ತೀರಿ?"

ಅತ್ತೆ ಹೇಳಿದರು.

"ದಿನಾ ಸ್ನಾನ ಮಾಡ್ತೀರಾ? ಕೈ ಸರಿಯಾಗಿ ತೊಳ್ಕೊಳ್ತೀರಾ?"

ಅತ್ತೆ ಐದು ಹೊತ್ತಿನ ನಮಾಜು ತಪ್ಪಿಸದವರು. ಒಂದೊಂದು ನಮಾಜಿಗೂ ಮೊಣಕೈವರೆಗೆ ಕೈ ತೊಳೆಯುವವರು. ಆ ಡಾಕ್ಟರು ಹುಟ್ಟುವ ಮುಂಚಿನಿಂದ ತೊಳೆಯುತ್ತಿರುವವರು. ಕೈ ತೊಳೆಯುತ್ತೀಯಾ ಎಂದು ಕೇಳಿಸಿಕೊಂಡು ಅವರು ತಲೆ ತಗ್ಗಿಸಿ "ತೊಳ್ಕಂತೀವ್ರಿ" ಅಂದರು. ನನ್ನ ನಾಲಿಗೆಗೆ ಅವತ್ತು ಏನಾಗಿತ್ತೋ, ನಾನೂ ಬಾಯಿ ಮುಚ್ಚಿಕೊಂಡಿದ್ದೆ.

"ಕಜ್ಜಿ" ಎಂದು ಡಾಕ್ಟರು ಚೀಟಿ ಬರೆದರು. ಕತ್ತಿನಿಂದ ಪಾದದ ತನಕ ಮನೆಮಂದಿಯೆಲ್ಲ ಹಚ್ಚಿಕೊಳ್ಳಬೇಕು, ಹಚ್ಚಿ ಮಲಗಿ ಬೆಳಿಗ್ಗೆ ತೊಳೆಯಬೇಕು, ಹಾಸಿಗೆ ಬಟ್ಟೆ ಕುದಿಸಬೇಕು ಅಂದರು. ಹಚ್ಚಿದೆವು. ಕುದಿಸಿದೆವು. ವಾರ ಬಿಟ್ಟು ಮತ್ತೆ ಹಚ್ಚಿದೆವು. ಬೆಳಿಗ್ಗೆ ಮುಲಾಮು ತೊಳೆದು ಅದೇ ತೋಳನ್ನು ಅದೇ ಗಾದಿಯೊಳಗೆ ತೂರಿಸಿದೆವು. ಹೀಗಿದ್ದರೆ ನವೆ ಹೋಗುವುದಾದರೂ ಹೇಗೆ? ಕೆಲಸ ನಿಲ್ಲಿಸುವಂತಿರಲಿಲ್ಲ. ಮಲ್ಲೇಶಪ್ಪ ದಿನಾ ಫೋನು ಮಾಡುತ್ತಿದ್ದ. ಒಂದು ದಿನ ಮನೆಗೂ ಬಂದ. ಗೂಡಿನಲ್ಲಿದ್ದ ಮುಲಾಮಿನ ಟ್ಯೂಬನ್ನು ಎತ್ತಿ ಓದಿ, ಅಲ್ಲೇ ಇಟ್ಟು ಹೋದ.

ಅಂಗನವಾಡಿಯ ಟೀಚರು ಸಬಾಳನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದರು. "ನನಗೇನಿಲ್ಲ ಆಲಿಯಾ. ಬ್ಯಾರೆ ತಾಯಂದ್ರು ಬೈತಾರೆ. ವಾಸಿ ಆದ್ಮ್ಯಾಲೆ ಕಳ್ಸು" ಅಂದರು. ಒಳಗೆ ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದವು. ಸಬಾ ತನ್ನ ತಟ್ಟೆ ಹಿಡಿದುಕೊಂಡು ಹೊಸ್ತಿಲ ಹೊರಗೆ ನಿಂತಿದ್ದಳು. ಅವಳನ್ನು ಎತ್ತಿಕೊಂಡು ಮನೆಗೆ ಬರುವಾಗ ದಾರಿಯಲ್ಲಿ ಸಿಕ್ಕ ಒಬ್ಬರನ್ನೂ ಮಾತಾಡಿಸಲಿಲ್ಲ. ಮಾತಾಡಿಸಿದ್ದರೆ ಜಗಳವಾಗುತ್ತಿತ್ತು.

ಅರ್ಧಕ್ಕಿಂತ ಹೆಚ್ಚು ಗಾದಿ ಹೋಗಿದ್ದವು. ಉಳಿದ ಮೂಟೆಗಳು ಮನೆಯಲ್ಲಿದ್ದವು. ಆಗ ಹಾಸ್ಟೆಲ್ಲಿನಿಂದ ಕರೆ ಬಂತು. ಮಾವ, ಅತ್ತೆ, ನಾನು ಬಸ್ಸು ಹತ್ತಿ ಹೋದೆವು. ಸಬಾಳನ್ನೂ ಜತೆಗೆ ಕರೆದೊಯ್ದೆ. ಹರಿಹರದಲ್ಲಿ ಅವಳನ್ನು ಯಾರ ಮನೆಯಲ್ಲಿ ಬಿಡಲಿ? ಯಾರು ಬಿಟ್ಟುಕೊಳ್ಳುತ್ತಾರೆ?

ಹಾಸ್ಟೆಲ್ಲಿನ ಗೇಟಿನ ಒಳಗೆ ನಮ್ಮನ್ನು ಬಿಡಲಿಲ್ಲ. ವಾಚ್‌ಮನ್‌ಗೆ ಮೊದಲೇ ಹೇಳಿದ್ದರು. ವಾರ್ಡನ್ ಸರ್ವಮಂಗಳಮ್ಮ ಗೇಟಿನ ಆಚೆ ನಿಂತರು. ಅವರ ಪಕ್ಕದಲ್ಲಿ ಮಲ್ಲೇಶಪ್ಪ. ಮೇಲಿನ ಮಹಡಿಯ ವರಾಂಡದಲ್ಲಿ ಹುಡುಗಿಯರು ಸಾಲಾಗಿ ಬಗ್ಗಿ ನೋಡುತ್ತಿದ್ದರು. ಅವರಲ್ಲಿ ಇಬ್ಬರು ಮೂವರು ತೋಳು ಕೆರೆಯುತ್ತಿದ್ದುದು ಕೆಳಗಿನಿಂದಲೂ ಕಾಣಿಸುತ್ತಿತ್ತು.

"ನಿಮಗೆ ಕಜ್ಜಿ ಇತ್ತಂತೆ. ಮಲ್ಲೇಶಪ್ಪನೋರು ಹೇಳಿದ್ರು. ಮುಚ್ಚಿಟ್ಟು ನಮ್ಮ ಹುಡುಗ್ಯಾರಿಗೆ ಗಾದಿ ಕೊಟ್ರಾ?" ಎಂದರು ಸರ್ವಮಂಗಳಮ್ಮ.

ಮಾವ ಕೈ ಮುಗಿದರು. "ಡಾಕ್ಟ್ರು ಕೊಟ್ಟ ಔಷಧ ಹಚ್ಚೀವ್ರಿ ಮೇಡಂ..."

"ಹಚ್ಚಿದ್ರೆ ಏನ್ ಬಂತು? ನಿಮ್ಮ ಮನೇಲಿ ಹೆಂಗೆ ಅಂತ ನಂಗೊತ್ತಿಲ್ವಾ? ಮಕ್ಕಳು ಮರಿಯೆಲ್ಲ ಅದರ ಮೇಲೇ ಮಲಗಿ ಎದ್ದು ತಂದು ಕೊಟ್ಟಿರ್ತೀರಿ."

ಅಷ್ಟು ಹೊತ್ತು ಸೆರಗಿನೊಳಗೆ ತೋಳು ಮುಚ್ಚಿ ನಿಂತಿದ್ದ ಅತ್ತೆ ತಲೆ ಎತ್ತಿದರು. "ಇಲ್ರೀ ಅಮ್ಮಾ. ಹೊಲಿದ ಗಾದಿ ಮ್ಯಾಲೆ ನಾವು ಕೂಡ್ರದೂ ಇಲ್ರಿ. ಅಲ್ಲಾನ ಆಣೆ."

ಮಲ್ಲೇಶಪ್ಪ ನಕ್ಕ. ಗಟ್ಟಿಯಾಗಿ ಅಲ್ಲ, ಮೂಗಿನಲ್ಲಿ ನಕ್ಕ. ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆಯಬೇಕು ಅನ್ನಿಸಿತು. ನಡುವೆ ಗೇಟು ಇತ್ತು.

ಬಿಸಿಲಿಗೆ ಸಬಾ ನೀರು ಕೇಳಿದಳು. ವಾರ್ಡನ್ ಕಣ್ಣಲ್ಲೇ ಸನ್ನೆ ಮಾಡಿದರು. ವಾಚ್‌ಮನ್ ಒಂದು ಜಗ್ಗು ತಂದ. ಲೋಟ ತರಲಿಲ್ಲ. ನಾನು ಗೇಟಿನ ಸಂದಿಯಲ್ಲಿ ಬೊಗಸೆ ಒಡ್ಡಿದೆ, ಅವನು ಮೇಲಿನಿಂದ ಸುರಿದ. ಅರ್ಧ ನೆಲಕ್ಕೆ ಹೋಯಿತು, ಉಳಿದರ್ಧವನ್ನು ನನ್ನ ಮಗಳು ನನ್ನ ಕೈಯಲ್ಲಿ ಕುಡಿದಳು. ಇದು ಯಾವ ಕಾಲ ಎಂದು ಕೇಳಬೇಡಿ. ಹೋದ ತಿಂಗಳ ಮಾತು. ಮೇಲೆ ನಿಂತ ಹುಡುಗಿಯರೆಲ್ಲರ ಕೈಯಲ್ಲೂ ಮೊಬೈಲ್ ಇತ್ತು.

ವಾರ್ಡನ್ ಒಳಗೆ ಹೋದ ಮೇಲೆ ಕನ್ನಡಕದ ಒಬ್ಬ ಹುಡುಗಿ ಮೆಟ್ಟಿಲಿಳಿದು ಗೇಟಿನ ಹತ್ತಿರ ಬಂದಳು. "ಆಂಟಿ, ಕಾಲೇಜಿಗೆ ಹೋದಾಗ ಕಮ್ಮಿ ಆಗ್ತೈತೆ. ಬಂದು ಮಲಗಿದ್ರೆ ಮತ್ತೆ ಚುಚ್ಚುತ್ತೆ. ಊರಿಗೆ ಹೋದಾಗ ಇರ್ಲೇ ಇಲ್ಲ" ಅಂದಳು. ಯಾರೋ ಒಳಗಿನಿಂದ ಕೂಗಿದರು, ಓಡಿಹೋದಳು.

ಅವಳ ಮಾತು ನನ್ನನ್ನು ಹಿಡಿದು ಅಲುಗಾಡಿಸಿತು. ನಡುವೆ ತಂಗಿಯ ಮದುವೆ ಮಾತುಕತೆಗೆಂದು ನಾನೂ ಸಬಾಳೂ ತವರಿನಲ್ಲಿ ಇದ್ದು ಬಂದಿದ್ದೆವು. ಅಲ್ಲಿ ಇಬ್ಬರೂ ಕೆರೆದುಕೊಂಡಿರಲಿಲ್ಲ. ಅಮ್ಮನ ಸೀರೆ ಉಟ್ಟುಕೊಂಡಿದ್ದೆ, ಸಬಾಳಿಗೆ ಅಲ್ಲಿಯೇ ಹೊಸ ಫ್ರಾಕು ಕೊಡಿಸಿದ್ದರು. ಇದು ನೆನಪಾದದ್ದೇ ಮಾವನಿಗೆ ಹೇಳಿದೆ, ಈಗಲೇ ದೊಡ್ಡಾಸ್ಪತ್ರೆಗೆ ಹೋಗೋಣ, ಚರ್ಮದ ಡಾಕ್ಟರಿಗೆ ತೋರಿಸೋಣ ಎಂದು. ಮಾವ "ಇನ್ನೊಂದು ಸಲ ಬೈಸ್ಕಳಾಕಾ?" ಅಂದರು. ನಾನು ಆಟೋ ನಿಲ್ಲಿಸಿಬಿಟ್ಟೆ.

ಆಸ್ಪತ್ರೆಯಲ್ಲಿ ಚರ್ಮದ ವಿಭಾಗದ ಮುಂದೆ ಬಹಳ ಹೊತ್ತು ಕೂತೆವು. ಡಾಕ್ಟರ್ ಯಶೋದಾ ಎಂದು ಬಾಗಿಲಿಗೆ ಬರೆದಿತ್ತು. ಚಿಕ್ಕ ವಯಸ್ಸು. ಅವರು ಮಾಡಿದ ಮೊದಲ ಕೆಲಸ ಅತ್ತೆಯ ತೋಳನ್ನು ಕೈಯಲ್ಲಿ ಹಿಡಿದುಕೊಂಡದ್ದು. ಅಷ್ಟಕ್ಕೇ ಅತ್ತೆಯ ಕಣ್ಣು ತುಂಬಿತು. ಮನೆಯವರಲ್ಲದೆ ಬೇರೆ ಯಾರೂ ಆ ತೋಳನ್ನು ಮುಟ್ಟಿರಲಿಲ್ಲ.

ಡಾಕ್ಟರು ಬೆರಳುಗಳ ಸಂದಿಯನ್ನು ಬಿಡಿಸಿ ನೋಡಿದರು. "ಇಲ್ಲೇನೂ ಇಲ್ವಲ್ಲಮ್ಮ. ಕಜ್ಜಿ ಆಗಿದ್ರೆ ಹೆಚ್ಚಾಗಿ ಇಲ್ಲೇ ಮೊದಲು ಕಾಣ್ಬೇಕು. ಏನು ಕೆಲಸ ಮಾಡ್ತೀರಿ ನೀವು?"

ಹೇಗೆ ಮಲಗುತ್ತೀರಿ ಎಂದು ಕೇಳಿದ್ದರು, ಕೈ ತೊಳೆಯುತ್ತೀರಾ ಎಂದು ಕೇಳಿದ್ದರು. ಏನು ಕೆಲಸ ಮಾಡುತ್ತೀರಿ ಎಂದು ಅದುವರೆಗೆ ಒಬ್ಬರೂ ಕೇಳಿರಲಿಲ್ಲ. ನಾನೇ ಹೇಳಿದೆ. ಮೂಟೆ, ಬಿಳಿ ಎಳೆ, ತೋಳು ತೂರಿಸುವುದು, ಹಾಸ್ಟೆಲ್ಲಿನ ಹುಡುಗಿ ಹೇಳಿದ್ದು, ಎಲ್ಲ. ಡಾಕ್ಟರು ಗಾಯಕ್ಕೆ ಹಚ್ಚುವ ಅಂಟುಪಟ್ಟಿಯ ಒಂದು ತುಂಡು ಕತ್ತರಿಸಿ ಅತ್ತೆಯ ತೋಳಿಗೆ ಒತ್ತಿ ಮೆಲ್ಲಗೆ ಕಿತ್ತರು. ಭೂತಗನ್ನಡಿಯ ಕೆಳಗೆ ಹಿಡಿದು ನೋಡಿ, ನಮಗೂ ತೋರಿಸಿದರು. ಪಟ್ಟಿಯ ತುಂಬ ಸಣ್ಣ ಸಣ್ಣ ಸೂಜಿಗಳು ಮಿಂಚುತ್ತಿದ್ದವು.

"ನೋಡಿದ್ರೆ ಗಾಜಿನ ನಾರು ಇದು. ಫ್ಯಾಕ್ಟರೀಲಿ ಬಾಯ್ಲರು, ಪೈಪು ಇವಕ್ಕೆಲ್ಲ ಬಿಸಿ ತಡೆಯೋಕೆ ಸುತ್ತುತ್ತಾರೆ. ಇದನ್ನ ಗಾದಿಗೆ ಯಾರಮ್ಮ ಹಾಕಿದ್ದು?"

ಅತ್ತೆಗೆ ಆ ಪ್ರಶ್ನೆ ಕೇಳಿಸಲೇ ಇಲ್ಲ. "ಗಾಜು?" ಅಂದರು. "ಗಾಜು ತುಂಬೀನಾ ನಾನು? ಆ ಹುಡುಗ್ಯಾರು ಅದರ ಮ್ಯಾಲೆ ಮಲಗ್ತಾರಲ್ಲವ್ವಾ!"

ಡಾಕ್ಟರು ಬಿಡಿಸಿ ಹೇಳಿದರು. ಬಿಸಿ ನೀರು ಬೇಡ, ತಿಕ್ಕಬೇಡಿ, ತಿಕ್ಕಿದರೆ ಚೂರು ಇನ್ನೂ ಒಳಗೆ ಹೋಗುತ್ತದೆ. ನಲ್ಲಿಯ ಕೆಳಗೆ ತಣ್ಣೀರು ಹರಿಯಲು ಬಿಡಿ. ಉಳಿದದ್ದನ್ನು ಅಂಟುಪಟ್ಟಿ ಒತ್ತಿ ಕಿತ್ತು ತೆಗೆಯಿರಿ. ಕೆಲಸದ ಬಟ್ಟೆ ಬೇರೆ ಒಗೆಯಿರಿ, ಒಂದೇ ಬಕೆಟ್ಟಿನಲ್ಲಿ ಒಗೆದದ್ದಕ್ಕೇ ಮಗುವಿಗೆ ಹತ್ತಿದೆ. ನವೆ ತಣಿಯಲು ಒಂದು ಲೋಷನ್, ಊತಕ್ಕೆ ಒಂದು ಮುಲಾಮು. "ಇಷ್ಟಕ್ಕೆ ಹೋಗುತ್ತೆ. ಆದ್ರೆ ಆ ಮೂಟೆಗೆ ಮತ್ತೆ ಕೈ ಹಾಕಿದ್ರೆ ನಾನಲ್ಲ, ಯಾರು ಏನು ಕೊಟ್ರೂ ಹೋಗಲ್ಲ. ಹುಡುಗ್ಯಾರನ್ನೂ ಆ ಗಾದಿಯಿಂದ ಎಬ್ಬಿಸ್ಬೇಕು, ಉಸಿರಲ್ಲೂ ಹೋಗುತ್ತೆ ಅದು."

ಹೊರಗೆ ಬಂದವಳೇ ವಾರ್ಡನ್‌ಗೆ ಫೋನು ಮಾಡಿದೆ. ಗಾಜು ಮೇಡಂ, ಕಜ್ಜಿ ಅಲ್ಲ, ದೊಡ್ಡಾಸ್ಪತ್ರೆ ಡಾಕ್ಟರೇ ಹೇಳಿದರು ಎಂದೆ. "ಅದೆಲ್ಲ ಮಲ್ಲೇಶಪ್ಪನೋರ ಹತ್ರ ಮಾತಾಡ್ರಿ" ಎಂದು ಕಟ್ ಮಾಡಿದರು. ಮತ್ತೆ ಮಾಡಿದೆ, ಎತ್ತಲಿಲ್ಲ. ಗಾಜು ತಂದವನ ಹತ್ತಿರವೇ ಹೋಗಿ ಗಾಜಿನ ದೂರು ಹೇಳಬೇಕಂತೆ! ಬಸ್ಸಿನಲ್ಲಿ ಹರಿಹರ ಬರುವ ತನಕ ಹಲ್ಲು ಕಚ್ಚಿಕೊಂಡೇ ಕೂತಿದ್ದೆ.

ನಾವು ಮಲ್ಲೇಶಪ್ಪನನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಅವನೇ ಟೆಂಪೋ ಸಮೇತ ಬಂದ. ಪ್ಲಾಸ್ಟಿಕ್ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಅಂಗಳದಲ್ಲೇ ಕೂತ. ಚಹಾ ಬೇಡ ಅಂದ.

"ಮೇಡಂ ಹೇಳಿದ್ರು. ಏನೋ ಗಾಜಂತೆ?"

"ಹೌದ್ರಿ. ಎಲ್ಲಿಂದ ತಂದ್ರಿ ಅದನ್ನ?" ಎಂದು ನಾನು ಕೇಳಿದೆ.

ಅವನು ನನ್ನ ಕಡೆ ನೋಡದೆ ಮಾವನಿಗೆ ಹೇಳಿದ. "ಗುತ್ತೂರ್ ಕಡೆ ಒಂದು ಹಳೇ ಫ್ಯಾಕ್ಟರಿ ಶೆಡ್ ಬಿಚ್ಚಿದ್ರು ಸಾಬ್ರೆ. ಒಳ್ಳೆ ಮಾಲು, ದಂಡಕ್ಕೆ ಬಿದ್ದಿತ್ತು. ಮ್ಯಾಲೆ ದಪ್ಪ ಬಟ್ಟೆ ಐತಲ್ಲ, ಏನಾಗ್ತೈತೆ? ಸ್ವಲ್ಪ ಕಡಿತೈತೆ, ಆಮ್ಯಾಲೆ ರೂಢಿ ಆಗ್ತೈತೆ. ಈಗ ಕೇಳ್ರಿಲ್ಲಿ. ನಾಳೆ ಟ್ರಸ್ಟಿನೋರು ಹಾಸ್ಟೆಲ್ಲಿಗೆ ಬರ್ತಾರೆ. ನೀವು ಬಂದು, ನಮಗೆ ಕಜ್ಜಿ ಆಗಿತ್ತು, ಔಷಧ ತಗಂಡೀವಿ, ಈಗ ವಾಸಿ ಆಗೈತೆ, ತಪ್ಪಾತು ಅನ್ರಿ. ಗಾದೀನ ಬಿಸಿಲಿಗೆ ಹಾಕಿ ಔಷಧಿ ಹೊಡಿಸ್ತಾರೆ. ಮುಗೀತು. ಉಳಿದ ಗಾದಿ ನೀವೇ ಹೊಲೀರಿ. ಇನ್ನೊಂದು ಹಾಸ್ಟೆಲ್ ಐತೆ, ಅದೂ ನಿಮಗೇ."

ಮಾವ ಅತ್ತೆಯ ಕಡೆ ತಿರುಗಿ "ಹೇಳಿದ್ರೆ ಏನ್ ಹೋಗ್ತೈತೆ?" ಅಂದರು.

ನನಗೆ ಮಾವನ ಮೇಲೂ ಸಿಟ್ಟು ಬಂತು. ಆದರೆ ಅವರ ಮುಖ ನೋಡಿ ಸುಮ್ಮನಾದೆ. ಒಂದು ಕಾಲದಲ್ಲಿ ಊರೂರಿನವರು ಹೆಸರು ಹಿಡಿದು ಕರೆಯುತ್ತಿದ್ದ ಮನುಷ್ಯ ಅವರು. ಕೆಲಸ ಎಂದರೆ ಈಗಲೂ ಎದ್ದು ನಿಲ್ಲುತ್ತಾರೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹೊರಗಿನವರ ಎದುರು ದನಿ ಎತ್ತಿ ಅವರಿಗೆ ಅಭ್ಯಾಸವಿಲ್ಲ. "ನಾನು ಹೇಳಂಗಿಲ್ಲ" ಅಂದರು.

"ನೀನು ಹೇಳ್ಬ್ಯಾಡಮ್ಮ. ಸಾಬ್ರು ಹೇಳ್ತಾರೆ."

"ಅವ್ರೂ ಹೇಳಂಗಿಲ್ಲ. ನಮಗೆ ಕಜ್ಜಿ ಇಲ್ಲ. ನೀವು ಗಾಜು ಕೊಟ್ರಿ, ನಾವು ತುಂಬಿದ್ವಿ. ಟ್ರಸ್ಟಿನೋರ ಮುಂದೆ ಹೇಳೋದಾದ್ರೆ ಇದನ್ನ ಹೇಳ್ತೀವಿ."

ಮಲ್ಲೇಶಪ್ಪ ಎದ್ದು ನಿಂತ. "ಹಂಗಾ? ಸರಿ. ನನ್ನ ಮೂಟೆ ನನಗೆ ಕೊಡ್ರಿ. ಭಾನುವಳ್ಳಿ ರಂಗವ್ವನ ಮನೆಯೋರು ತುಂಬ್ತಾರೆ. ಕೂಲಿಗೆ ಕಾಯ್ಕಂಡು ಕೂತಾರೆ. ಅವರಿಗೆ ನಿಮ್ಮಷ್ಟು ಸೊಕ್ಕಿಲ್ಲ."

"ಮೂಟೇನೂ ಕೊಡಲ್ಲ."

"ಏನಂದಿ?"

"ರಂಗವ್ವಗೆ ತೋಳಿಲ್ವಾ?" ಅಂದರು ಅತ್ತೆ. "ಹಾಸ್ಟೆಲ್ಲಿನ ಗಾದಿ ಎಲ್ಲಾನೂ ವಾಪಸ್ ತರ್ಸ್ರಿ. ಹುಡುಗ್ಯಾರ ಮೈಕೆಳಗಿಂದ ತೆಗೀರಿ. ಅಲ್ಲೀತನಕ ಈ ಮೂಟೆ ಈ ಮನೆ ಬಿಟ್ಟು ಹೋಗಂಗಿಲ್ಲ."

"ಯಾರ ಮಾಲು ಅಂತ ತಿಳ್ಕಂಡೀಯ? ಕಳ್ತನದ ಕೇಸ್ ಹಾಕಿಸ್ತೀನಿ. ಪೊಲೀಸ್ನೋರ್ನ ಕರೀಲಾ?"

"ಕರೀರಿ. ಅವರ ಮುಂದೇ ಬಿಚ್ತೀನಿ."

ಅವನು ಫೋನು ತೆಗೆದ. ಕಿವಿಯ ತನಕ ಒಯ್ದ. ಮತ್ತೆ ಜೇಬಿಗೆ ಹಾಕಿದ. ಪೊಲೀಸರು ಬಂದು ಮೂಟೆ ಬಿಚ್ಚಿಸಿದರೆ ಏನಾಗುತ್ತದೆ ಎಂದು ಅವನಿಗೂ ಹೊಳೆದಿರಬೇಕು. "ಏ ಶಿವಮೂರ್ತಿ, ಬಾರೋ! ಒಳಗೆ ಹೋಗಿ ಮೂಟೆ ಎತ್ತು" ಎಂದು ಕೂಗಿದ.

ಶಿವಮೂರ್ತಿ ಅವನ ಟೆಂಪೋ ಓಡಿಸುವವನು. ಮೊದಲ ಮೂಟೆಯಿಂದ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ತಂದು ಹಾಕಿದವನು ಅವನೇ. ಮಾತು ಕಡಿಮೆ. ತಲೆ ತಗ್ಗಿಸಿ ಒಳಗೆ ಹೋದ, ಒಂದು ಮೂಟೆಯನ್ನು ಬೆನ್ನಿಗೇರಿಸಿಕೊಂಡ, ಹೊಸ್ತಿಲು ದಾಟಿ ಬಂದ. ಅತ್ತೆ ಅಂಗಳಕ್ಕಿಳಿದು ಅವನಿಗೆ ಅಡ್ಡ ನಿಂತರು. ನಾನೂ ಅವರ ಪಕ್ಕಕ್ಕೆ ಹೋಗಿ ನಿಂತೆ.

"ದಾರಿ ಬಿಡ್ರಿ ಅಮ್ಮಾ. ನಾನು ಹೇಳಿದ ಕೆಲ್ಸ ಮಾಡೋನು" ಅಂದ ಅವನು, ಬಗ್ಗಿದ ತಲೆಯನ್ನು ಎತ್ತದೆ.

"ಬೆನ್ನ ಮ್ಯಾಲೆ ಏನು ಹೊತ್ತೀಯ ಗೊತ್ತೇನಪ್ಪಾ ನಿನಗೆ? ಗಾಜು ಐತೆ ಅದರಾಗೆ. ದೊಡ್ಡಾಸ್ಪತ್ರೆ ಡಾಕ್ಟ್ರು ಹೇಳ್ಯಾರೆ. ಇಲ್ಲಿ ನೋಡು."

ಅತ್ತೆ ಸೆರಗು ಸರಿಸಿದರು. ಕುಪ್ಪಸದ ಉದ್ದ ತೋಳನ್ನು ಹೆಗಲಿನವರೆಗೆ ಮಡಚಿದರು. ಹೊರಗಿನ ಗಂಡಸರ ಎದುರು ಮಣಿಕಟ್ಟನ್ನೂ ಮುಚ್ಚಿಕೊಳ್ಳುವ ಹೆಂಗಸು ಹಾಡುಹಗಲು ಅಂಗಳದಲ್ಲಿ ಇಡೀ ತೋಳು ಬಿಚ್ಚಿ ಚಾಚಿದರು. ಕೆರೆದು ಕೆರೆದು ಕಪ್ಪಾದ ಗೀರುಗಳು, ಒಣಗಿದ ರಕ್ತ, ಅದರ ನಡುವೆ ಕೆಂಪು ಚುಕ್ಕಿಗಳು. ಮಾವ ಮುಖ ಮುಚ್ಚಿಕೊಂಡರು. ಬೀದಿಯಲ್ಲಿ ಹೋಗುತ್ತಿದ್ದ ನಾಲ್ಕಾರು ಜನ ನಿಂತರು.

ಶಿವಮೂರ್ತಿ ಆ ತೋಳನ್ನೇ ನೋಡಿದ. ಮೂಟೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ. ನಿಂತ. ತನ್ನ ಅಂಗಿಯ ತೋಳಿನ ಗುಂಡಿ ಬಿಚ್ಚಿದ. ಒಂದು ಕೈಯದು, ಆಮೇಲೆ ಇನ್ನೊಂದು ಕೈಯದು. ಮೇಲಕ್ಕೆ ಮಡಚಿ ಎರಡೂ ತೋಳನ್ನು ಅತ್ತೆಯ ತೋಳಿನ ಪಕ್ಕ ಹಿಡಿದ. ಅವೇ ಚುಕ್ಕಿ. ಅವೇ ಗೀರು. ಮೊಣಕೈಯ ಹತ್ತಿರ ಕೀವು ಕಟ್ಟಿತ್ತು.

"ನನ್ ಹೆಂಡ್ತಿ ನನ್ನ ಹೊರಗೆ ಮಲಗ್ಸ್ಯಾಳೆ" ಅಂದ ಅವನು. "ಹುರುಕು ಹತ್ತೈತೆ ನಿನಗೆ, ಮಕ್ಕಳ್ನ ಮುಟ್ಬ್ಯಾಡ ಅಂತಾಳೆ. ಮುಲಾಮ್ ಹಚ್ಚಿ ಹಚ್ಚಿ ಸಾಕಾತು. ನಮ್ಮವ್ವ ಉಚ್ಚೆಂಗೆಮ್ಮಗೆ ಹರಕೆ ಬ್ಯಾರೆ ಕಟ್ಟ್ಯಾಳೆ."

ಅವನು ಮಲ್ಲೇಶಪ್ಪನ ಕಡೆ ತಿರುಗಿದ.

"ಸಾವ್ಕಾರ್ರೆ, ನಿಮಗೆ ಗೊತ್ತಿತ್ತೇನ್ರಿ?"

"ನೀನು ಸುಮ್ನೆ ಲೋಡ್ ಮಾಡೋ. ಅವ್ರ ಮಾತೇನು ಕೇಳ್ತಿ?"

"ಗೊತ್ತಿತ್ತೇನ್ರಿ?"

"ಸಂಬಳ ಕೊಡೋನು ನಾನು. ಎತ್ತೋ ಮೂಟೇನ!"

ಶಿವಮೂರ್ತಿ ಮೂಟೆಯಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದು ಅತ್ತೆಯ ಪಕ್ಕ ನಿಂತ. "ನಿಮ್ಮ ಮಾಲಲ್ರಿ ಅದು? ನೀವೇ ಎತ್ಕಳ್ರಿ" ಅಂದ.

ಮೂಟೆ ನಮ್ಮ ಹೊಸ್ತಿಲಿಗೂ ಟೆಂಪೋಗೂ ನಡುವೆ ಬಿದ್ದಿತ್ತು. ಮಲ್ಲೇಶಪ್ಪ ಬೀದಿಯ ಜನರನ್ನು ನೋಡಿದ. ಮೂಟೆಯ ಹತ್ತಿರ ಬಂದ, ಬಗ್ಗಿದ, ಕೈ ಚಾಚಿದ. ಕೈ ಅಲ್ಲೇ ನಿಂತಿತು. ಬೆಳ್ಳನೆಯ ಅಂಗಿಯ ತೋಳನ್ನು ಮಣಿಕಟ್ಟಿನ ತನಕ ಕೆಳಗೆಳೆದುಕೊಂಡ. ಜೇಬಿನಿಂದ ಕರ್ಚೀಫು ತೆಗೆದು ಬೆರಳಿಗೆ ಸುತ್ತಿಕೊಂಡ. ಅಷ್ಟಾದರೂ ಮುಟ್ಟಲಿಲ್ಲ.